ಪ್ಲಸ್ ಎಡಕ್ಕಿದ್ದ ಗೋಡೆ

ಜೇವರ್ಗಿ ತಾಲೂಕಿನ ಕೆಂಚನಮಡ್ಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ದೇವಿಂದ್ರಪ್ಪ ಮಾಸ್ತರರಿಗೆ ಪಠ್ಯಪುಸ್ತಕ ಎಂದರೆ ಅಷ್ಟಕ್ಕಷ್ಟೆ. ಎಂಟನೇ ಕ್ಲಾಸಿನ ಪುಸ್ತಕದಲ್ಲಿ ಸಮೀಕರಣ ಮಾತ್ರ ಇದ್ದರೆ ಅವರು ಅದರ ಬೆನ್ನಿಗೆ ಅಸಮತೆಯನ್ನೂ ಕಟ್ಟಿ ಕಲಿಸುತ್ತಿದ್ದರು. ಕೇಳಿದವರಿಗೆ, "x ಐದಕ್ಕ ಸಮ ಅಂದ್ರ ಒಂದೇ ಮನಿ. x ಐದಕ್ಕಿಂತ ದೊಡ್ಡದು ಅಂದ್ರ ಓಣಿಗೆ ಓಣಿನೇ. ಓಣಿ ತಿರುಗದೇ ಒಂದೇ ಮನಿ ಮುಂದ ನಿಂತು ಬರೂದು ಎಂಥಾ ಗಣಿತರಿ?" ಎನ್ನುತ್ತಿದ್ದರು. ಕಲಿಸುವುದರಲ್ಲಿ ಅವರನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಸಿಟ್ಟಿನಲ್ಲೂ ಇರಲಿಲ್ಲ.

ಅವರಲ್ಲಿ ಒಂದು ಹಟವಿತ್ತು. ಅಸಮತೆಯನ್ನು ಬಿಡಿಸಿದ ಮೇಲೆ ಉತ್ತರವನ್ನು ಸಂಖ್ಯಾರೇಖೆಯ ಮೇಲೆ ತೋರಿಸಬೇಕಲ್ಲ, ಆ ರೇಖೆಯನ್ನು ಅವರು ಎಂದೂ ಬೋರ್ಡಿನ ಮೇಲೆ ಎಳೆಯುತ್ತಿರಲಿಲ್ಲ. "ಆರನೇ ಕ್ಲಾಸಿನ ಗೆರಿ ಎಂಟನೇ ಕ್ಲಾಸಿನ ಬೋರ್ಡ್ ಮ್ಯಾಲ ಎಳೀಲೇನು? ನಾಚಿಕಿ ಬರ್ತದ ನನಗ," ಎಂದು ಬಾಯಲ್ಲೇ ಹೇಳಿ ಮುಗಿಸುತ್ತಿದ್ದರು. ದೊಡ್ಡದಿದ್ದರೆ ಬಾಣ ಪ್ಲಸ್ ಕಡೆ, ಚಿಕ್ಕದಿದ್ದರೆ ಮೈನಸ್ ಕಡೆ. ಸಮ ಇದ್ದರೆ ತುಂಬಿದ ಚುಕ್ಕಿ, ಇಲ್ಲದಿದ್ದರೆ ಖಾಲಿ ಚುಕ್ಕಿ. ಪ್ಲಸ್ ಯಾವ ಕಡೆ ಎಂದು ಅವರು ಹೇಳಲಿಲ್ಲ. ಅಷ್ಟೂ ಗೊತ್ತಿಲ್ಲದ ಕೂಸು ಭೂಮಿಯ ಮೇಲೆ ಇರಬಹುದೆಂದು ಅವರಿಗೆ ಅನಿಸಿಯೇ ಇರಲಿಲ್ಲ.

ಇತ್ತು. ಹುಡುಗಿಯರ ಸಾಲಿನ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂರುತ್ತಿದ್ದ ಸುಲ್ತಾನಬಿ. ಹೆಸರು ಅಜ್ಜಿಯದು, ಜಂಬ ಅವಳದೇ. ಏಳನೆಯವರೆಗೆ ಊರ ಉರ್ದು ಶಾಲೆಯಲ್ಲಿ ಓದಿ ಈ ಜೂನಿನಲ್ಲಿ ಕನ್ನಡ ಹೈಸ್ಕೂಲಿಗೆ ಬಂದಿದ್ದಳು. ಸಮಾಜ, ವಿಜ್ಞಾನದ ಪಾಠಗಳಲ್ಲಿ ಸಾಲು ಸಾಲಿಗೂ ಅರ್ಥ ಕೇಳಿಕೊಳ್ಳಬೇಕಾಗಿತ್ತು. ಗಣಿತದಲ್ಲಿ ಯಾರನ್ನೂ ಏನೂ ಕೇಳಬೇಕಿರಲಿಲ್ಲ. ಆ ಒಂದು ಪೀರಿಯಡ್ಡಿನಲ್ಲಿ ಮಾತ್ರ ತಾನು ಬೇರೆಯವರ ಮನೆಗೆ ನೆಂಟಳಾಗಿ ಬಂದಿದ್ದೇನೆ ಎಂದು ಅವಳಿಗೆ ಅನಿಸುತ್ತಿರಲಿಲ್ಲ. ಹಾಗಾಗಿ ಗಣಿತವೆಂದರೆ ಅವಳಿಗೆ ಜೀವ.

ಅಂಥವಳ ಹೋಮ್‌ವರ್ಕಿನಲ್ಲಿ ಚಿತ್ರಗಳ ಮೇಲೆಲ್ಲ ಕೆಂಪು ಅಡ್ಡಗೆರೆ ಬೀಳತೊಡಗಿತು. ಲೆಕ್ಕ ಸರಿ, ಚಿತ್ರ ತಪ್ಪು. x > 2 ಎಂದು ಸರಿಯಾಗಿಯೇ ಬಿಡಿಸಿ, ಕೆಳಗೆ ಗೆರೆ ಎಳೆದು, ಸೊನ್ನೆಯ ಎಡಕ್ಕೆ ಎರಡನ್ನು ಬರೆದು, ಬಾಣವನ್ನು ಇನ್ನೂ ಎಡಕ್ಕೆ ಬಿಟ್ಟಿರುತ್ತಿದ್ದಳು. ಮೈನಸ್ ಮೂರು ಬಂದರೆ ಅದು ಸೊನ್ನೆಯ ಬಲಕ್ಕೆ. ಮಾಸ್ತರರು ಒಂದು ಸಲ ಸಮಾಧಾನದಿಂದ ಹಾಳೆ ತಿರುವಿ ನೋಡಿದ್ದರೆ ತಪ್ಪೆಲ್ಲ ಒಂದೇ ಜಾತಿಯದು ಎಂದು ತಿಳಿಯುತ್ತಿತ್ತು. ಆದರೆ ಕ್ಲಾಸಿನ ಹೋಮ್‌ವರ್ಕನ್ನೆಲ್ಲ ಚಹಾ ಆರುವುದರೊಳಗೆ ತಿದ್ದುವ ಮನುಷ್ಯನಿಗೆ ಸಮಾಧಾನ ಎಲ್ಲಿಂದ ಬರಬೇಕು? ಅವರು ತಮ್ಮದೇ ತರ್ಕ ಹೂಡಿದರು. ಲೆಕ್ಕ ಯಾವಾಗಲೂ ಸರಿ, ಚಿತ್ರ ಯಾವಾಗಲೂ ತಪ್ಪು ಎಂದರೆ ಲೆಕ್ಕ ಇನ್ನೊಬ್ಬರದು, ಚಿತ್ರ ಇವಳದು.

"ಕಾಪಿ ಹೊಡೀತಿ ಏನಬೇ?" ಎಂದು ಇಡೀ ಕ್ಲಾಸಿನ ಎದುರು ಕೇಳಿದರು.

"ಇಲ್ರಿ ಸರ್."

"ಮತ್ತ ಲೆಕ್ಕ ಬಿಡಿಸಾಕ ಬರ್ತದ, ಅದರ ಅರ್ಥ ತೋರಸಾಕ ಬರಂಗಿಲ್ಲ, ಹ್ಯಾಂಗದು?"

ಸುಲ್ತಾನಬಿ ತನ್ನ ಚಿತ್ರವನ್ನೇ ಮತ್ತೆ ನೋಡಿದಳು. ಮಾಸ್ತರರು ಪ್ಲಸ್ ಕಡೆ ಎಂದಿದ್ದರು, ಪ್ಲಸ್ ಕಡೆಗೇ ಬಾಣ ಬಿಟ್ಟಿದ್ದಳು. ತಪ್ಪು ಎಲ್ಲಿದೆ ಎಂದು ತಿಳಿಯದೆ ಬೈಸಿಕೊಳ್ಳುವಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಅವಳ ಕಣ್ಣು ತುಂಬಿ ಬಂತು. ಅದನ್ನು ನೋಡಿದ ಮಾಸ್ತರರು ತಮ್ಮ ಊಹೆ ಸರಿ ಎಂದುಕೊಂಡರು.

ಶನಿವಾರ ಅವಳ ಅಪ್ಪ ಶರಫುದ್ದೀನನಿಗೆ ಕರೆ ಹೋಯಿತು. ಶರಫುದ್ದೀನ ಪೇಂಟರ್. ಜೇವರ್ಗಿ, ಇಜೇರಿ, ಯಡ್ರಾಮಿಯ ಅಂಗಡಿಗಳಿಗೆ ಕನ್ನಡದಲ್ಲೂ ಉರ್ದುವಿನಲ್ಲೂ ಬೋರ್ಡು ಬರೆಯುವವನು. ಮನೆಯ ಮಾತು ದಖನಿ ಉರ್ದುವಾದರೂ, ಮಗಳು ಕನ್ನಡ ಶಾಲೆ ಸೇರಿದ ದಿನದಿಂದ ಅವಳ ಕಿವಿಗೆ ಬೀಳಲಿ ಎಂದು ಹಟ ಹಿಡಿದು ಕನ್ನಡದಲ್ಲೇ ಮಾತಾಡುತ್ತಿದ್ದ. ಅವನ ಕನ್ನಡದಲ್ಲಿ ಅರ್ಧ ಬೋರ್ಡಿನ ಕನ್ನಡವೇ. ಮಗಳನ್ನು ಊಟಕ್ಕೆ ಕರೆಯುವಾಗ ಕೂಡ "ದಯವಿಟ್ಟು ಒಳಗೆ ಬನ್ನಿರಿ" ಎನ್ನುತ್ತಿದ್ದ.

ಮಾಸ್ತರರು ಕೆಟ್ಟವರಲ್ಲ. ಅವನನ್ನು ಕೂರಿಸಿ, ಚಹಾ ತರಿಸಿ, ಮೆತ್ತಗೇ ಹೇಳಿದರು. "ಹುಡುಗಿ ಶ್ಯಾಣ್ಯಾಕಿ ಅದಾಳ್ರಿ, ಆದ್ರ ಕನ್ನಡ ಹಿಡೀವಲ್ದು. ಕಾಪಿ ಹೊಡ್ಯಾಕ ಕಲತ್ರ ಮುಂದ ಕೈಗೆ ಸಿಗಂಗಿಲ್ಲ. ಆಳಂದದಾಗ ನಿಮ್ಮ ಅಕ್ಕ ಅದಾರಂತಲ್ಲ. ಅಲ್ಲೇ ಉರ್ದು ಹೈಸ್ಕೂಲಿಗೆ ಹಾಕಿಬಿಡ್ರಿ. ಸೋಮವಾರ ಬರ್ರಿ, ಟಿಸಿ ಕೊಡಸ್ತೇನಿ."

ಶರಫುದ್ದೀನ ಚಹಾ ಮುಟ್ಟಲಿಲ್ಲ. ಹೌದ್ರಿ ಎಂದು ಎದ್ದು ಬಂದ. ಅಕ್ಕನಿಗೆ ಫೋನು ಮಾಡಿದ. ಸುಲ್ತಾನಬಿಯ ಫುಪ್ಪು, ಅಂದರೆ ಶರಫುದ್ದೀನನ ಈ ಅಕ್ಕ, ಇಡೀ ಬಳಗಕ್ಕೆ ಹುಕುಂ ಹೊರಡಿಸುವ ಹೆಂಗಸು. ಮಾತು ಮುಗಿಯುವ ಮೊದಲೇ ಸೋಮವಾರದ ಬಸ್ಸು, ಹುಡುಗಿ ಮಲಗುವ ಮಂಚ, ಅವಳು ಬೆಳಿಗ್ಗೆ ಮಾಡಬೇಕಾದ ಕೆಲಸ ಎಲ್ಲವೂ ನಿಕ್ಕಿಯಾದವು. ಹುಡುಗಿಗೆ ಇಷ್ಟವಿದೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲ.

ಸುಲ್ತಾನಬಿಗೆ ಊರು ಬಿಡುವ ದುಃಖಕ್ಕಿಂತ ಕಳ್ಳಿ ಎನಿಸಿಕೊಂಡು ಬಿಡುವ ದುಃಖ ದೊಡ್ಡದಾಗಿತ್ತು. ಶಾಲೆ ಬೇಕೆಂದರೆ ಆಳಂದದಲ್ಲೂ ಇದೆ. ಆದರೆ ಈ ಮಾಸ್ತರರ ಬಾಯಿಂದ ಒಮ್ಮೆ ಸರಿ ಎನ್ನಿಸಿಕೊಳ್ಳದೆ ಹೋದರೆ ತಾನು ಇನ್ನೆಲ್ಲಿ ಹೋಗಿ ಏನು ಓದಿದರೂ ಅಷ್ಟೇ ಎಂದು ಅವಳಿಗೆ ಖಚಿತವಾಗಿ ಅನಿಸಿತು.

ಭಾನುವಾರ ಬಟ್ಟೆ ಕಟ್ಟುವುದು ಬಿಟ್ಟು ಗಣಿತದ ಪುಸ್ತಕ ತೆಗೆದು ಕೂತಳು. ಇನ್ನೂ ಪಾಠವಾಗದ ಅಧ್ಯಾಯವೊಂದನ್ನು ತೆರೆದಾಗ ಅಲ್ಲೊಂದು ಸಂಖ್ಯಾರೇಖೆ ಅಚ್ಚಾಗಿತ್ತು. ನೋಡಿ ನಕ್ಕಳು. ಪುಸ್ತಕ ಮಾಡಿದವರೇ ತಪ್ಪು ಮಾಡಿದ್ದಾರೆ, ಒಂದು, ಎರಡು, ಮೂರು ಎಲ್ಲ ಬಲಕ್ಕೆ ಹೋಗಿ ಕೂತಿವೆ. ಮುಂದಿನ ಪುಟ ತಿರುವಿದಳು. ಅಲ್ಲೂ ಬಲಕ್ಕೇ. ಅದರ ಮುಂದಿನದೂ ಹಾಗೆಯೇ. ನಗು ನಿಂತಿತು. ಪುಸ್ತಕ ಹಿಡಿದುಕೊಂಡೇ ಉರ್ದು ಶಾಲೆಗೆ ಓಡಿದಳು.

ರಜೆಯಾದರೂ ಗೇಟಿಗೆ ಬೀಗವಿರಲಿಲ್ಲ. ಅವಳು ಇಷ್ಟು ವರ್ಷ ಒರಗಿ ಕೂತ ಪಡಸಾಲೆಯ ಗೋಡೆಯ ಮೇಲೆ, ಉರ್ದು ತಲೆಬರಹದ ಕೆಳಗೆ ಉದ್ದಕ್ಕೆ ಒಂದು ಸಂಖ್ಯಾರೇಖೆ. ನಡುವೆ ಸೊನ್ನೆ. ಎಡಕ್ಕೆ ಒಂದು, ಎರಡು, ಮೂರು. ಬಲಕ್ಕೆ ಮೈನಸ್ ಒಂದು, ಮೈನಸ್ ಎರಡು, ಮೈನಸ್ ಮೂರು. ನೀಲಿ ಅಂಚು ಕೊಟ್ಟ ಆ ಚೆಂದದ ಅಂಕಿಗಳು ಯಾರ ಕೈಯವು ಎಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಅಂಥ ಮೂರು ಬರೆಯುವವನು ಜೇವರ್ಗಿ ತಾಲೂಕಿನಲ್ಲಿ ಒಬ್ಬನೇ.

ಅಪ್ಪನನ್ನು ಕರೆತಂದು ಗೋಡೆಯ ಮುಂದೆ ನಿಲ್ಲಿಸಿ, ಪುಸ್ತಕ ತೆರೆದು ಹಿಡಿದಳು. ಶರಫುದ್ದೀನ ಒಮ್ಮೆ ಗೋಡೆ ನೋಡಿದ, ಒಮ್ಮೆ ಪುಸ್ತಕ ನೋಡಿದ. ಮೆಲ್ಲಗೆ ಕಟ್ಟೆಯ ಮೇಲೆ ಕೂತ.

"ಮ್ಯಾಲ ಉರ್ದು ಬರದಿದ್ದೆ ನೋಡು ಬೇಟಾ, ಬಲಗಡೆಯಿಂದ. ಅದೇ ಕೈಲೆ ಗೆರಿನೂ ಎಳದೆ. ಪ್ಲಸ್ ಎಡಕ್ಕ ಹೋಗೂದೇ ಸರಿ ಅನಸ್ತು. ಯಾರೂ ಏನೂ ಅನಲಿಲ್ಲ, ಛಲೋ ಆಗ್ಯದ ಅಂದ್ರು, ಅದನ್ನೇ ತೋರಿಸಿ ಕಲಸಿದ್ರು." ತನ್ನ ಅಂಗೈ ತಿರುವಿ ನೋಡಿಕೊಂಡು, "ನನ್ನ ಕೈಲಿಂದ ನಿನ್ನ ಓದು ಕೆಡ್ತಲ್ಲ," ಎಂದ.

ಅಪ್ಪನ ಮುಖ ನೋಡಿ ಸುಲ್ತಾನಬಿಗೆ ಸಂಕಟವಾಯಿತು. ಆದರೆ ಸಂಕಟದ ಜೊತೆಗೇ ಒಂದು ಖುಷಿಯೂ ಉಕ್ಕಿ ಬರುತ್ತಿತ್ತು. ಅದನ್ನು ತಡೆಯಲಾಗಲಿಲ್ಲ.

"ತಪ್ಪಲ್ಲ ಅಬ್ಬಾ. ಈ ಗ್ವಾಡಿ ಪ್ರಕಾರ ನಾ ತಗದ ಚಿತ್ರ ಎಲ್ಲಾ ಸರಿ ಅವ. ಬರೇ ಉಲ್ಟಾ ಅದ."

ಉಲ್ಟಾ ಎಂಬ ಮಾತು ಕೇಳಿದ್ದೇ ಶರಫುದ್ದೀನನ ಕಸುಬಿನ ಅಭಿಮಾನ ಎಚ್ಚೆತ್ತಿತು. "ಉಲ್ಟಾ ಬ್ಯಾರೆ, ತಪ್ಪು ಬ್ಯಾರೆ. ಅಂಗಡಿ ಗ್ಲಾಸಿನ ಮ್ಯಾಲ ಒಳಗ ನಿಂತು ನಾ ದಿನಾ ಉಲ್ಟಾನೇ ಬರೀತೇನಿ. ಹೊರಗ ನಿಂತಾವರು ಸೀದಾ ಓದ್ತಾರ. ಬರದಿದ್ದು ಒಂದೇ, ನಿಂತ ಕಡೆ ಎರಡು."

ಸುಲ್ತಾನಬಿ ಗೋಡೆಯನ್ನೇ ನೋಡುತ್ತ ನಿಂತಳು. ಇದೇ ರೇಖೆ ಗಾಜಿನ ಮೇಲಿದ್ದು, ತಾನು ಆ ಕಡೆ ಹೋಗಿ ನಿಂತರೆ ಪುಸ್ತಕದ ರೇಖೆಯಾಗುತ್ತದೆ. ಎಡಕ್ಕಿದ್ದದ್ದು ಬಲಕ್ಕೆ, ಬಲಕ್ಕಿದ್ದದ್ದು ಎಡಕ್ಕೆ, ಸೊನ್ನೆ ಮಾತ್ರ ಇದ್ದಲ್ಲೇ. ಹಾಗಾದರೆ ಮೈನಸ್ಸಿನಿಂದ ಗುಣಿಸುವುದೂ ಇದೇ ಅಲ್ಲವೇ? ಮೂರು ಹೋಗಿ ಮೈನಸ್ ಮೂರರ ಜಾಗದಲ್ಲಿ ಕೂರುತ್ತದೆ, ಮೈನಸ್ ಐದು ಬಂದು ಐದರ ಜಾಗದಲ್ಲಿ. ಯಾಕೆಂದು ಕೇಳಬೇಡಿ ಎಂದು ಮಾಸ್ತರರು ಗದರಿಸುತ್ತಿದ್ದ ಪ್ರಶ್ನೆಯೊಂದರ ಉತ್ತರ ಅವಳಿಗೆ ಪೂರ್ತಿಯಾಗಿ ಕಂಡಿತು.

"ಅಬ್ಬಾ, ನನಗೊಂದು ಗ್ಲಾಸಿನ ತುಂಡು ಬೇಕು. ಉದ್ದಂದು," ಎಂದಳು.

ಸೋಮವಾರ ಅಪ್ಪ ಮಗಳು ಶಾಲೆಗೆ ಬಂದಾಗ ಮುಖ್ಯ ಗುರುಗಳಾದ ಸುವರ್ಣಾ ಮೇಡಂ ಟಿಸಿಯನ್ನು ಬರೆಸಿ ಸಹಿ ಹಾಕುವುದೊಂದನ್ನು ಬಾಕಿ ಇಟ್ಟಿದ್ದರು. ಶರಫುದ್ದೀನ ವರಾಂಡದ ಬೆಂಚಿನ ಮೇಲೆ ಕೂತ. ಸುಲ್ತಾನಬಿ ಕೂರಲಿಲ್ಲ. ಅಂಚಿಗೆಲ್ಲ ಟೇಪು ಸುತ್ತಿದ ಗಾಜಿನ ಪಟ್ಟಿಯನ್ನು ಎದೆಗೆ ಅವಚಿಕೊಂಡು ಎಂಟನೇ ಕ್ಲಾಸಿನ ಬಾಗಿಲಿಗೆ ಹೋಗಿ ನಿಂತಳು.

ಒಳಗೆ ಮಾಸ್ತರರ ಆರ್ಭಟ ನಡೆದಿತ್ತು. ಆ ಕ್ಲಾಸಿಗೆ ಎಲ್ಲ ಬರುತ್ತಿತ್ತು, ಒಂದು ಮಾತ್ರ ಬರುತ್ತಿರಲಿಲ್ಲ. ಅಸಮತೆಯ ಎರಡೂ ಬದಿಯನ್ನು ಮೈನಸ್ಸಿನಿಂದ ಗುಣಿಸಿದಾಗ ಚಿಕ್ಕದು ಎಂಬ ಚಿಹ್ನೆ ದೊಡ್ಡದು ಎಂದು ತಿರುಗಬೇಕು. ಅರ್ಧ ಜನ ತಿರುಗಿಸಲು ಮರೆಯುತ್ತಿದ್ದರು, ಉಳಿದರ್ಧ ಜನ ತಿರುಗಿಸಬಾರದ ಕಡೆಯೂ ತಿರುಗಿಸುತ್ತಿದ್ದರು. ಯಾಕ್ರಿ ಸರ್ ಎಂದು ಕೇಳಿದ ಮಾಳಿಂಗ ಎಂಬ ಹುಡುಗ ಎದ್ದು ನಿಂತೇ ಇದ್ದ.

"ಯಾಕ ಅಂದ್ರ ಅದು ನಿಯಮ. ತಿರುಗಸು ಅಂದ್ರ ತಿರುಗಸು. ಇಷ್ಟು ವರ್ಷ ಕಲಸಾಕತ್ತೇನಿ, ಒಬ್ಬಾಂವಗೂ ತಲಿಗೆ ಹೋಗಂಗಿಲ್ಲ," ಎನ್ನುತ್ತ ಮಾಸ್ತರರು ಬಾಗಿಲ ಕಡೆ ನೋಡಿದರು. "ಏನಬೇ, ಟಿಸಿ ತಗೊಂಡಿಯೇನು?"

"ಇನ್ನೂ ಇಲ್ರಿ ಸರ್. ಒಂದು ಲೆಕ್ಕ ಮಾಡಿ ಹೋಗ್ತೇನಿ. ಇಲ್ಲೇ ಬೋರ್ಡ್ ಮ್ಯಾಲ, ಎಲ್ಲಾರ ಮುಂದ. ನೀವೇ ಕೊಡ್ರಿ."

ಕಾಪಿ ಎಂಬ ಮಾತಿಗೆ ಇದು ಉತ್ತರ ಎಂದು ಮಾಸ್ತರರಿಗೆ ತಿಳಿಯಿತು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಸುಮ್ಮನೆ ಸೀಮೆಸುಣ್ಣ ತೆಗೆದುಕೊಂಡು −x < 3 ಎಂದು ಬರೆದು ಪಕ್ಕಕ್ಕೆ ಸರಿದರು.

ಸುಲ್ತಾನಬಿ ಅವರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು. ಮೊದಲು ಉದ್ದಕ್ಕೆ ಗೆರೆ ಎಳೆದಳು. ನಡುವೆ ಸೊನ್ನೆ. ಕೈ ತಾನಾಗಿ ಎಡಕ್ಕೆ ಹೋಗುವುದನ್ನು ತಡೆದು, ಬಲಕ್ಕೆ ಒಂದು, ಎರಡು, ಮೂರು ಎಂದು ಬರೆದಳು. ಎಡಕ್ಕೆ ಮೈನಸ್ಸುಗಳು. ಆಮೇಲೆ ಗಾಜಿನ ಪಟ್ಟಿಯನ್ನು ಆ ಗೆರೆಯ ಮೇಲಿಟ್ಟು, ಮಾರ್ಕರಿನಿಂದ ಸೊನ್ನೆಯ ಮೇಲೊಂದು ಗುರುತು ಹಾಕಿದಳು. ಮೂರರ ಮೇಲೆ ಖಾಲಿ ಚುಕ್ಕಿ, ಅಲ್ಲಿಂದ ಎಡಕ್ಕೆ ಗಾಜಿನ ತುದಿಯವರೆಗೆ ಕೆಂಪು ಪಟ್ಟೆ.

"ಮೈನಸ್ x ಮೂರಕ್ಕಿಂತ ಚಿಕ್ಕದು. ಅಂದ್ರ ಮೈನಸ್ x ಈ ಕೆಂಪು ಜಾಗಾದಾಗ ಎಲ್ಲೇ ಇರಬಹುದು," ಎಂದಳು. ದನಿ ಮೊದಲು ಸಣ್ಣದಿತ್ತು. "ಆದ್ರ ನಮಗ ಬೇಕಾಗಿದ್ದು ಮೈನಸ್ x ಅಲ್ಲ, x. ಮೈನಸ್ x ಎರಡು ಆದ್ರ x ಮೈನಸ್ ಎರಡು. ಮೈನಸ್ x ಮೈನಸ್ ಐದು ಆದ್ರ x ಐದು. ಒಂದೊಂದೂ ಸೊನ್ನಿ ದಾಟಿ ಅಷ್ಟೇ ದೂರ ಆ ಕಡೆ ಹೋಗ್ತದ. ಇಲ್ಲಿದ್ದವು ಎಲ್ಲಾ ಒಮ್ಮೆಲೇ ದಾಟಿದ್ರ ಹೀಂಗ."

ಗಾಜನ್ನು ಎತ್ತಿ, ಮಗ್ಗಲು ಬದಲಿಸಿ, ಸೊನ್ನೆಯ ಗುರುತು ಸೊನ್ನೆಯ ಮೇಲೇ ಬರುವಂತೆ ಮತ್ತೆ ಬೋರ್ಡಿಗೆ ಹಚ್ಚಿದಳು. ಕೆಂಪು ಪಟ್ಟೆ ಈಗ ಬಲಕ್ಕಿತ್ತು. ಖಾಲಿ ಚುಕ್ಕಿ ಸರಿಯಾಗಿ ಮೈನಸ್ ಮೂರರ ಮೇಲೆ ಕೂತಿತ್ತು.

"ಮೈನಸ್ ಮೂರರಿಂದ ಬಲಕ್ಕ. x ಮೈನಸ್ ಮೂರಕ್ಕಿಂತ ದೊಡ್ಡದು. ಚಿಹ್ನೆ ನಾವು ತಿರುಗಸೂದಲ್ರಿ ಸರ್. ಗೆರಿನೇ ತಿರುಗ್ತದ, ಅದರ ಜೋಡಿ ಚಿಹ್ನೆನೂ ತಿರುಗ್ತದ."

ನಿಂತೇ ಇದ್ದ ಮಾಳಿಂಗ ನಿಧಾನವಾಗಿ ಕೂತ. ಅವನಿಗೆ ಉತ್ತರ ಸಿಕ್ಕಿತ್ತು.

ದೇವಿಂದ್ರಪ್ಪ ಮಾಸ್ತರರು ಗಾಜನ್ನು ಅವಳ ಕೈಯಿಂದ ತೆಗೆದುಕೊಂಡರು. ಒಮ್ಮೆ ತಿರುಗಿಸಿ ಇಟ್ಟು ನೋಡಿದರು. ಮತ್ತೆ ಮೊದಲಿನಂತೆ ಇಟ್ಟರು, ಮತ್ತೆ ತಿರುಗಿಸಿದರು. ಆಮೇಲೆ ಬೋರ್ಡಿನ ಮೇಲೆ −2x ≥ 8 ಎಂದು ಬರೆದು, "ಇದು ಮಾಡು," ಎಂದರು. ಅವಳು ಮೊದಲು ಎರಡೂ ಬದಿಯನ್ನು ಎರಡರಿಂದ ಭಾಗಿಸಿದಳು, ಅದರಿಂದ ಏನೂ ತಿರುಗಲಿಲ್ಲ. ಹಳೆಯ ಪಟ್ಟೆಯನ್ನು ಒರೆಸಿ, ನಾಲ್ಕರ ಮೇಲೆ ತುಂಬಿದ ಚುಕ್ಕಿ ಇಟ್ಟು, ಬಲಕ್ಕೆ ಕೆಂಪು ಎಳೆದು, ಗಾಜು ಮಗುಚಿದಳು. ಮೈನಸ್ ನಾಲ್ಕು ಮತ್ತು ಅದರ ಎಡಕ್ಕಿರುವುದೆಲ್ಲ. ಉತ್ತರವನ್ನು ಅವಳಿಗಿಂತ ಮೊದಲು ಇಡೀ ಕ್ಲಾಸೇ ಕೂಗಿ ಹೇಳಿತು.

ಮಾಸ್ತರರ ಮುಖದಲ್ಲಿ ಬಂದ ಸಂತೋಷವನ್ನು ಆ ಶಾಲೆ ಹಿಂದೆ ಕಂಡಿರಲಿಲ್ಲ. ಆದರೆ ಲೆಕ್ಕದ ಮನುಷ್ಯನಿಗೆ ಒಂದು ಸಂಶಯ ಉಳಿದಿತ್ತು. "ಇಷ್ಟು ತಿಳದಾಕಿ ಆ ಚಿತ್ರ ಎಲ್ಲಾ ಯಾಕ ಹಾಂಗ ತಗದಿದ್ದಿ?"

ಸುಲ್ತಾನಬಿ ಗೋಡೆಯ ವಿಷಯ ಹೇಳಿದಳು. ಬರೆದವರು ಯಾರೆಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದ ಶರಫುದ್ದೀನ ತಾನೇ, "ಅದು ನಾ ಬರದಿದ್ದು ಸರ್," ಎಂದ.

"ನಡೀರಿ ಎಲ್ಲಾರೂ, ನೋಡಾಮು," ಎಂದರು ಮಾಸ್ತರರು. ಪೀರಿಯಡ್ಡಿನ ನಡುವೆ ಹಾಗೆ ಇಡೀ ಕ್ಲಾಸು ಎದ್ದು ಬೀದಿಗೆ ಬಂತು. ಮುಂದೆ ಮಾಸ್ತರರು, ಅವರ ಪಕ್ಕದಲ್ಲಿ ಸುಲ್ತಾನಬಿ, ಹಿಂದೆ ಹುಡುಗರು, ಎಲ್ಲಕ್ಕಿಂತ ಹಿಂದೆ ತಲೆ ತಗ್ಗಿಸಿಕೊಂಡು ಶರಫುದ್ದೀನ. ಹೋಟೆಲಿನ ಕಟ್ಟೆಯ ಮೇಲಿದ್ದವರು ಏನಾಯ್ತ್ರಿ ಎಂದು ಕೇಳಿದರೆ ಮಾಸ್ತರರು ನಿಲ್ಲದೆ, "ಗಣಿತರಿ, ಗಣಿತ," ಎಂದರು.

ಉರ್ದು ಶಾಲೆಯ ಪಡಸಾಲೆಯಲ್ಲಿ ಅವರು ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಅಲ್ಲಿನ ಚಿಕ್ಕ ಮಕ್ಕಳು ಬಾಗಿಲುಗಳಲ್ಲಿ ಗುಂಪುಗೂಡಿದರು. ಮಾಸ್ತರರು ತಿರುಗಿ ನಿಂತು, ಕ್ಲಾಸಿನಲ್ಲಿ ಬೈದಿದ್ದಷ್ಟೇ ದೊಡ್ಡ ದನಿಯಲ್ಲಿ ಹೇಳಿದರು: "ಈಕಿ ತಗದ ಚಿತ್ರ ಒಂದೂ ತಪ್ಪಲ್ಲ. ಪ್ಲಸ್ ಯಾವ ಕಡೆ ಅಂತ ನಾ ಒಮ್ಮೆನೂ ಬರದು ತೋರಸಲಿಲ್ಲ, ಅದು ನನ್ನ ತಪ್ಪು. ಕಾಪಿ ಅಂದೆ, ಅದು ಇನ್ನೂ ದೊಡ್ಡ ತಪ್ಪು. ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದ ಹಿಂದಕ್ಕ ತಗೋತೇನಿ." ಆಮೇಲೆ ಶರಫುದ್ದೀನನ ಕಡೆ ನೋಡಿ, "ನಿಮ್ಮ ಅಂಕಿ ಭಾಳ ಛಂದ ಅವರಿ. ನಾಳೆ ನಮ್ಮ ಶಾಲಿಗೂ ಒಂದು ಗೆರಿ ಬರೀರಿ. ಪ್ಲಸ್ ಬಲಕ್ಕ," ಎಂದರು. ಹುಡುಗರೆಲ್ಲ ನಕ್ಕರು. ಶರಫುದ್ದೀನನೂ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ.

ಸುಲ್ತಾನಬಿ ನಗಲಿಲ್ಲ, ಅಳಲಿಲ್ಲ. ಎದೆ ತುಂಬಿ ನಿಂತಿದ್ದಳು. ಇಷ್ಟು ದಿನ ತನ್ನನ್ನು ಕಂಡೂ ಕಾಣದಂತಿದ್ದ ಹುಡುಗಿಯರು ಈಗ ಅವಳ ತೋಳು ಹಿಡಿದು, ಗಾಜು ತಮಗೂ ಕೊಡು ಎಂದು ಜಗಳಾಡುತ್ತಿದ್ದರು.

ಹೈಸ್ಕೂಲಿನ ಗೇಟಿಗೆ ವಾಪಸು ಬರುವಷ್ಟರಲ್ಲಿ ಶರಫುದ್ದೀನನ ಫೋನು ಬಡಿದುಕೊಂಡಿತು. ಆಳಂದದ ಫುಪ್ಪು. ಬಸ್ಸು ಹತ್ತಿದಿರಾ, ಎಲ್ಲಿಗೆ ಬಂದಿರಿ, ಹುಡುಗಿಯ ಹಾಸಿಗೆ ತರುತ್ತಿದ್ದೀರೋ ಇಲ್ಲವೋ ಎಂದು ಅವಳ ದನಿ ಪಕ್ಕದವರಿಗೂ ಕೇಳುತ್ತಿತ್ತು. ಶರಫುದ್ದೀನ ಅಕ್ಕನ ಮುಂದೆ ಬಾಯಿ ಬಿಟ್ಟು ಅಭ್ಯಾಸವಿದ್ದವನಲ್ಲ. "ಆಪಾ, ಅದು ಏನಾತಂದ್ರ…" ಎಂದು ತೊದಲಿ ನಿಂತುಬಿಟ್ಟ.

ಸುಲ್ತಾನಬಿ ಫೋನನ್ನು ಅವನ ಕೈಯಿಂದ ತೆಗೆದುಕೊಂಡಳು.

"ಫುಪ್ಪು, ನಾ ಬರಂಗಿಲ್ಲ. ನಾ ಇಲ್ಲೇ ಓದ್ತೇನಿ."

ಹಾಗೆಂದು ಹೇಳಿದವರು ಯಾರು ಎಂದು ಫುಪ್ಪು ಕೇಳಿದಳು. ಮಾಸ್ತರರೋ, ಅಪ್ಪನೋ?

"ನಾ ಹೇಳಾಕತ್ತೇನಿ," ಎಂದಳು ಸುಲ್ತಾನಬಿ. ಫೋನನ್ನು ಅಪ್ಪನ ಕೈಗೆ ಕೊಟ್ಟು, ಕ್ಲಾಸಿನೊಳಗೆ ಹೋಗಿ ಕೂತಳು.